ಒಳಗಿಳಿದ ಕಿಡಿ

ಕೋವಿಯ ಕತೆ ಎಂದರೆ ಕಿಡಿ ಒಳಗೊಳಗೇ ಇಳಿದುಹೋದ ಕತೆ. ಮೇದಪ್ಪನ ಒಕ್ಕದ ಐನ್‌ಮನೆಗೆ, ಅಂದರೆ ಕುಲದವರೆಲ್ಲ ಹಬ್ಬಕ್ಕೆ ಬಂದು ಕೂಡುವ ಆ ಮೂಲಮನೆಗೆ ಹೋದವರು ನಡುಕೋಣೆಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿದರೆ ಸಾಕು, ಯಾವ ಪುಸ್ತಕವನ್ನೂ ಓದಬೇಕಾಗಿಲ್ಲ.

ಎಲ್ಲಕ್ಕಿಂತ ಮೇಲೆ ಬತ್ತಿಕೋವಿ. ಅದರ ಕಾಲದಲ್ಲಿ ಬೆಂಕಿ ಕೋವಿಯ ಹೊರಗೇ ಇತ್ತು. ಹೊಗೆಯಾಡುವ ಹುರಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು, ಆಗಾಗ ಊದಿ ಕೆಂಪಗಿಟ್ಟುಕೊಂಡು ನಿಲ್ಲಬೇಕಿತ್ತು. ಪೊದೆಯಲ್ಲಿ ಅಡಗಿದರೂ ಆ ಕೆಂಪು ಚುಕ್ಕಿ ಎದುರಿಗಿದ್ದವನಿಗೆ ಕಾಣುತ್ತಿತ್ತು. ಅದರ ಕೆಳಗೆ ಚಕಮಕಿ ಕೋವಿ: ಬೆಂಕಿ ಕೈಬಿಟ್ಟು ನಳಿಗೆಯ ಪಕ್ಕಕ್ಕೆ ಬಂತು, ಕಲ್ಲು ಉಕ್ಕಿಗೆ ಬಡಿದಾಗ ಮಾತ್ರ ಕಿಡಿ. ಅದರ ಕೆಳಗೆ ಕೇಪಿನ ಕೋವಿ. ತೊಗರಿಬೇಳೆಯಷ್ಟು ದೊಡ್ಡ ತಾಮ್ರದ ಟೊಪ್ಪಿಯೊಳಗೆ ಕಿಡಿ ಹೊಕ್ಕಿತು, ಮಳೆಗೆ ಕೋವಿಯ ಮೇಲಿದ್ದ ಅಧಿಕಾರ ಅವತ್ತೇ ಮುಗಿಯಿತು. ಅದರ ಕೆಳಗೆ ತೋಟಾ ಕೋವಿ: ಮದ್ದು, ಗುಂಡು, ಕಿಡಿ ಮೂರೂ ಒಂದೇ ಡಬ್ಬಿಯೊಳಗೆ ಮಲಗಿದವು. ಹೊರಗಿನಿಂದ ನೋಡಿದರೆ ಬೆಂಕಿಯ ಸುಳಿವೇ ಇಲ್ಲ.

ಚಕಮಕಿ ಕೋವಿಯ ಬಗ್ಗೆ ಮನೆಯಲ್ಲಿ ಒಂದು ಮಾತಿದೆ. ಅದರ ಒಡೆಯ ಕಾಳಯ್ಯ ಆ ನಾಡಿಗೇ ಹೆಸರಾಂತ ಗುರಿಕಾರ. ಅವನ ತಮ್ಮ ಎಲ್ಲಿಂದಲೋ ಕೇಪಿನ ಕೋವಿ ತಂದ. ಜಡಿಮಳೆಯಲ್ಲಿ ಅಣ್ಣನ ಕಲ್ಲು ಚಿಟಿಚಿಟಿ ಎಂದು ಸುಮ್ಮನಾದರೆ ತಮ್ಮನ ಕೋವಿ ಹಂದಿಯನ್ನು ಕೆಡವಿತು. ಊರು ತಮ್ಮನನ್ನು ಹೊತ್ತು ಕುಣಿಯಿತು. ಅದಾದ ತಿಂಗಳಲ್ಲಿ ತಮ್ಮನಿಗೆ ಗಂಡುಮಗು ಹುಟ್ಟಿತು. ಹುಟ್ಟಿದ ಮಗುವಿನ ಕೈಗೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು ಕೊಟ್ಟು, ಮನೆಯ ಹಿರಿಯ ಅಣ್ಣ ಒಂದೇ ಒಂದು ಈಡು ಹಾರಿಸಬೇಕು. ಒಂದು ಈಡು ಕೇಳಿದರೆ ಹುಟ್ಟು, ಎರಡು ಕೇಳಿದರೆ ಸಾವು, ಅದು ಕೊಡಗಿನ ಲೆಕ್ಕ. ಕಾಳಯ್ಯ ಹಾರಿಸಲಿಲ್ಲ. ಭುಜ ನೋಯುತ್ತದೆ ಎಂದ. ತಮ್ಮ ಮಗುವನ್ನು ಎತ್ತಿಕೊಂಡು ಹೊಳೆಯಾಚೆಗೆ ಹೋದ, ಅವನ ಕಡೆಯವರು ಎರಡು ತಲೆಮಾರು ಈ ಮನೆಯ ಅನ್ನ ಉಣ್ಣಲಿಲ್ಲ.

ಈಗ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೊಳೆಗೆ ತೂಗುತ್ತಿರುವ ಜೋಡಿನಳಿಗೆಯಲ್ಲಿ ಕಿಡಿ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿತ್ತು. ಅದು ಹಿಡಿದವನ ಮನಸ್ಸಿನೊಳಗಿತ್ತು. ಆ ಕೋವಿಯ ಹಿಡಿಯಲ್ಲಿ ನಾಡಿಕೀಲಿ ಕೂತಿತ್ತು.

ನಾಡಿಕೀಲಿಯ ಕಾನೂನು ಬಂದು ಎರಡು ವರ್ಷವಾಗಿತ್ತು. ಮನೆಮನೆಯಲ್ಲಿ ಸಿಟ್ಟಿಗೆ ಸಿಕ್ಕ ಕೋವಿಗಳು ಮಾಡಿದ ಅನಾಹುತ ನೋಡಿ ನೋಡಿ ಸಾಕಾಗಿ, ದೇಶದಲ್ಲಿರುವ ಕೋವಿಗಳಿಗೆಲ್ಲ ಕೀಲಿ ಕೂರಿಸಬೇಕೆಂದು ಆಯಿತು. ಕೋವಿಯನ್ನು ದೇವರ ದೀಪದ ಕೆಳಗಿಟ್ಟು ಪೂಜಿಸುವ ಕೊಡಗಿನವರೂ ಗೊಣಗುತ್ತಲೇ ಒಪ್ಪಿದರು. ಕೇಪಿಗಿಂತ ಹಳೆಯವಕ್ಕೆ ಮಾತ್ರ ವಿನಾಯಿತಿ, ಅವನ್ನು ಹಾರಿಸುವವರು ಯಾರೂ ಉಳಿದಿಲ್ಲವೆಂದು. ಕೀಲಿ ಹಿಡಿದವನ ಅಂಗೈ ಓದುತ್ತದೆ. ಮನಸ್ಸು ತಿಳಿಯಾಗಿದ್ದರೆ ಹಿಡಿಯ ಮೇಲಿನ ಮಣಿ ಹಸಿರಾಗುತ್ತದೆ, ತೋಟಾದ ಬೆನ್ನಿಗೆ ಬಡಿಯುವ ಮೊಳೆಗೆ ದಾರಿ ಬಿಡುತ್ತದೆ. ಕುಡಿದಿದ್ದರೆ, ಕುದಿಯುತ್ತಿದ್ದರೆ ಮಣಿ ಕೆಂಪು. ಆಮೇಲೆ ಕೋವಿ ಬರೀ ಕಬ್ಬಿಣದ ಕೊಳವೆ.

ಅದನ್ನು ಮಾಡಿದವರು ಇಬ್ಬರು. ಇಬ್ಬರೂ ಇದೇ ಮನೆಯವರು. ಮೇದಪ್ಪ ಮತ್ತು ಅವನ ಚಿಕ್ಕಪ್ಪನ ಮಗ ಪೂಣಚ್ಚ.

*

ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಬೆಳಿಗ್ಗೆ, ಕೋವಿಗಳಿಗೆಲ್ಲ ಗಂಧ ಹಚ್ಚಿ ತೋಕ್ ಪೂ ಎಂಬ ಕೆಂಪು ಹಳದಿ ಹೂ ಮುಡಿಸಿ ಪೂಜೆಯಾದ ಮೇಲೆ, ವಾಡಿಕೆಯಂತೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಗದ್ದೆಯಾಚೆಯ ಮರದ ಕವಲಿಗೆ ಕಾಯಿ ಕಟ್ಟಿದ್ದರು. ಹುಡುಗಿಯರು ಹೊಡೆದರು, ಸೊಸೆಯಂದಿರು ಹೊಡೆದರು. ಮೇದಪ್ಪನ ಹೆಂಡತಿ ದೇಚಮ್ಮ ಎರಡನೆಯದಕ್ಕೇ ಕಾಯಿ ಒಡೆದು, ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ಪೂಣಚ್ಚನ ಕೈಗೆ ಬಂದಾಗ ಮಣಿ ಹಸಿರಾಯಿತು, ಈಡು ಹಾರಿತು, ಕಾಯಿ ಚೂರಾಯಿತು. ಜನ ಹೋ ಎಂದರು.

ಆಮೇಲೆ ಮೇದಪ್ಪ ಕೋವಿ ಎತ್ತಿದ.

ಮಣಿ ಕೆಂಪಗಿತ್ತು.

ಅವನು ಕೋವಿ ಇಳಿಸಿ, ಅಂಗೈಯನ್ನು ಅಂಗಿಗೆ ಒರೆಸಿ, ಮತ್ತೆ ಎತ್ತಿದ. ಕೆಂಪು.

"ಎಂತ ಬಾವ, ಹೆತ್ತವನ ಮೇಲೇ ಮುನಿಸಿಕೊಂಡಿತಾ?" ಎಂದ ದೇಚಮ್ಮನ ತಮ್ಮ ಕುಟ್ಟಪ್ಪ. ಅವನು ಬಾಯಿ ಮುಚ್ಚಿಕೊಂಡಿರುವುದು ಊಟದ ಹೊತ್ತಿನಲ್ಲಿ ಮಾತ್ರ.

"ಬ್ಯಾಟರಿ ಹೋಗಿದೆ" ಎಂದ ಮೇದಪ್ಪ.

"ಅದನ್ನೇ ನಾವು ಹೇಳಿದ್ರೆ ಪೊಲೀಸ್ನವ್ರು ಬಿಡ್ತಾರಾ, ಹೇಳಿ!"

ಎಲ್ಲರೂ ನಕ್ಕರು. ಪೂಣಚ್ಚ ನಗಲಿಲ್ಲ. ಅವನು ಬೇರೆಲ್ಲೋ ನೋಡುತ್ತಿದ್ದ. ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಮೇದಪ್ಪನಿಗೆ. ಜಗಲಿಯಲ್ಲಿ ಮಾಚವ್ವ ತಾಯಿ ಕೂತಿದ್ದಳು. ಕೊಡಗಿನಲ್ಲಿ ಅಜ್ಜಿಯನ್ನು ತಾಯಿ ಎನ್ನುತ್ತಾರೆ. ದುಡಿ ಬಡಿದು ಹಾಡುವ ಗಂಡಸರ ಹಾಡುಗಳನ್ನೆಲ್ಲ ಬಾಗಿಲ ಮರೆಯಿಂದ ಕೇಳಿ ಬಾಯಿಪಾಠ ಮಾಡಿಕೊಂಡವಳಿಗೆ ಈಗ ಕಣ್ಣು ಮಂಜಾಗಿ ಹಾಡೊಂದೇ ಉಳಿದಿತ್ತು. ಅವಳು ಯಾರಿಗೂ ಅಲ್ಲವೆಂಬಂತೆ ಗುನುಗಿದಳು:

ಕಿಡಿಯ ಹೊರಗಿಟ್ಟವನ ಕಂಡವರು ನೂರು ಮಂದಿ
ಕಿಡಿಯ ಒಳಗಿಟ್ಟವನ ಕಾಣುವವನೊಬ್ಬನೇ

ಮೇದಪ್ಪ ಕೋವಿಯನ್ನು ಮುಂದಿನವನ ಕೈಗೆ ಕೊಟ್ಟ. ಅವನ ಕೈಗೆ ಬಂದ ಕೂಡಲೇ ಮಣಿ ಹಸಿರಾಯಿತು.

ಮಧ್ಯಾಹ್ನ ಅಕ್ಕಿಯ ಉಂಡೆ ಕಡಂಬುಟ್ಟು ಬಡಿಸುತ್ತಾ ದೇಚಮ್ಮ ಅವನ ಕಿವಿಯ ಬಳಿ ಬಗ್ಗಿದಳು. "ಬ್ಯಾಟರಿ ಅಂತ ಊರಿಗೆ ಹೇಳಿದ್ದು ಸರಿ. ನನಗೆ ಹೇಳ್ಬೇಡಿ. ಅದಕ್ಕೆ ಬ್ಯಾಟರಿಯೇ ಇಲ್ಲ, ಕೈಯ ಬಿಸಿಯಲ್ಲೇ ಓಡ್ತದೆ ಅಂತ ಮದುವೆಯಾದ ವರ್ಷವೆಲ್ಲ ನನ್ನ ತಲೆ ತಿಂದವ್ರು ನೀವೇ."

ಮೇದಪ್ಪ ಎಲೆಯಿಂದ ತಲೆ ಎತ್ತಲಿಲ್ಲ.

"ಬೊಳ್ಳವ್ವನಿಗೆ ಇನ್ನೇನು ದಿನ ತುಂಬಿತು. ಮಗು ಬಂದಾಗ ಈಡು ಹಾರಿಸಬೇಕಾದವ್ರು ನೀವು. ನೆನಪಿದೆಯಲ್ಲ?"

ಬೊಳ್ಳವ್ವ ಪೂಣಚ್ಚನ ಹೆಂಡತಿ.

"ಬೇರೆ ಯಾರಾದ್ರೂ ಹಾರಿಸ್ಲಿ."

"ಯಾರು? ಹಿರಿಯಣ್ಣ ಗಟ್ಟಿಮುಟ್ಟಾಗಿ ನಿಂತಿರುವಾಗ ಬೇರೆಯವ್ರು ಕೋವಿ ಎತ್ತಿದ್ರೆ ಏನರ್ಥ ಅಂತ ಈ ಮನೆಯಲ್ಲಿ ಕೂಸಿಗೂ ಗೊತ್ತು. ಕಾಳಯ್ಯಜ್ಜನಿಗೂ ಭುಜ ನೋಯ್ತಿತ್ತು."

*

ಮೈಸೂರಿನ ಹೊರಗೆ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ಉದ್ದನೆಯ ಕಟ್ಟಡವೇ ಅವರ ಪ್ರಯೋಗಾಲಯ. ಅದರ ಮೊದಲ ಇಟ್ಟಿಗೆಯಿಂದಲೂ ಮೇದಪ್ಪ ಅಲ್ಲಿದ್ದ. ನಾಡಿಕೀಲಿ ಎಂಬ ಹೆಸರೂ ಅವನದೇ. ನಾಡಿಯ ಓಟ, ಬೆವರು, ಬೆರಳಿನ ನಡುಕ, ಇವನ್ನು ಅಳೆಯುವ ಕೂದಲೆಳೆಯ ತಂತಿಗಳನ್ನು ಕೋವಿಯ ಹಿಡಿಯಲ್ಲಿ ನೇಯ್ದವನು ಅವನು. ಎಲ್ಲವೂ ಸರಿಯಿತ್ತು, ಕೀಲಿ ಮಾತ್ರ ಸರಿಯಿರಲಿಲ್ಲ. ಹಂದಿ ಮೈಮೇಲೆ ಬಂದಾಗ ಗದ್ದೆ ಕಾಯುವವನ ಎದೆ ಡವಡವಿಸುತ್ತದೆ, ಕೀಲಿ ಮುಚ್ಚುತ್ತದೆ. ತಣ್ಣಗೆ ಹಗೆ ಸಾಧಿಸುವವನ ನಾಡಿ ದೇವಸ್ಥಾನದ ಕೊಳದಂತೆ ಇರುತ್ತದೆ, ಕೀಲಿ ತೆರೆಯುತ್ತದೆ. ಹೆದರಿದವನಿಗೆ ಬೀಗ, ಹಗೆಯವನಿಗೆ ಬಾಗಿಲು. ವರ್ಷಗಟ್ಟಲೆ ಮೇದಪ್ಪ ಅಳತೆಗಳನ್ನು ಹೆಚ್ಚಿಸಿದ, ತಂತಿಗಳನ್ನು ಹೆಚ್ಚಿಸಿದ, ತನ್ನ ನಿದ್ದೆಯನ್ನು ಕಡಿಮೆ ಮಾಡಿದ.

ಆಗ ಪೂಣಚ್ಚ ಬಂದ. ಕೆಲಸ ಕೊಡಿಸಿದವನೂ ಮೇದಪ್ಪನೇ. ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಹುಡುಗ. ಮನೆಯಲ್ಲಿ ಅಣ್ಣ, ನೀನು ಎನ್ನುವವನು ಇಲ್ಲಿ ಅಚ್ಚುಕಟ್ಟಾಗಿ ಸರ್, ನೀವು ಎನ್ನುತ್ತಿದ್ದ. ಬಂದ ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ, ಚಹಾದ ಲೋಟ ಕೈಯಲ್ಲೇ ಇರುವಾಗ ಅಂದ:

"ಸರ್, ನಾಡಿ ಎಷ್ಟು ಜೋರು ಅಂತ ನೋಡೋದೇ ಬೇಡ. ಉಸಿರಿನ ಜೊತೆ ಅದು ಹೇಗಿದೆ ಅಂತ ನೋಡೋಣ."

"ಅಂದರೆ?"

"ಮಾಚವ್ವ ತಾಯಿ ಹಾಡ್ತಾರಲ್ಲ. ಪದ ಮುಗಿದು ಅವರು ಉಸಿರು ತಗೊಳ್ವಾಗ ದುಡಿ ಒಂದು ಚೂರು ಅವಸರ ಮಾಡ್ತದೆ. ಉಸಿರು ಬಿಡ್ತಾ ಹಾಡ್ವಾಗ ನಿಧಾನ ಆಗ್ತದೆ. ಹಾಡು ಎಷ್ಟೇ ಜೋರಾಗ್ಲಿ, ಆ ಜೋಡಿ ತಪ್ಪೋದಿಲ್ಲ. ನಾಡಿಯೂ ಹಾಗೇ ಅಲ್ವಾ? ಹೆದರಿದವನಲ್ಲಿ ಎರಡೂ ಓಡ್ತವೆ, ಆದ್ರೆ ಒಟ್ಟಿಗೆ ಓಡ್ತವೆ. ಮನಸ್ಸಲ್ಲಿ ಇನ್ನೊಬ್ಬನನ್ನು ಕಚ್ಚಿ ಹಿಡ್ಕೊಂಡವನಿಗೆ ಮಾತ್ರ ಉಸಿರು ಒಂದು ಕಡೆ, ನಾಡಿ ಒಂದು ಕಡೆ."

ಅಷ್ಟೇ. ತೊಗರಿಬೇಳೆಯಷ್ಟು ಮಾತು. ಮೇದಪ್ಪನ ತಂತಿಗಳನ್ನೇ ಇಟ್ಟುಕೊಂಡು, ಬೆರಳಿನ ನಡುಕದಲ್ಲೇ ಉಸಿರನ್ನೂ ಓದುವಂತೆ ಲೆಕ್ಕವನ್ನಷ್ಟೇ ತಿರುಗಿಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಕೀಲಿ ತಪ್ಪದೆ ನಡೆಯಿತು. ಎಷ್ಟೋ ಜನರಿಂದ ಸಂಗ್ರಹಿಸಿದ್ದ ಕೈಗಳ ಓದಿನಲ್ಲಿ ಎಲ್ಲಕ್ಕಿಂತ ತಿಳಿಯಾದ ಒಂದನ್ನು ಪೂಣಚ್ಚ ಆರಿಸಿ, ಅದನ್ನೇ ಮೂಲ ಲಯ ಎಂದು ಇಟ್ಟ. ಯಾರ ಕೈಯೆಂದು ಹೊರಗೆ ಯಾರಿಗೂ ಗೊತ್ತಿಲ್ಲ, ಮೇದಪ್ಪನೂ ಕೇಳಿರಲಿಲ್ಲ. ಹೆಸರು ಗುಟ್ಟಾಗಿಡುವುದಾಗಿ ಮಾತು ಕೊಟ್ಟೇ ಕೈಗಳನ್ನು ಓದಿದ್ದರು. ದೇಶದ ಕೋವಿಗಳೆಲ್ಲ ತಮ್ಮನ್ನು ಹಿಡಿದವನನ್ನು ಆ ಒಂದು ಕೈಯ ಜೊತೆ ತೂಗಿ ನೋಡುತ್ತವೆ. ದೆಹಲಿಯಲ್ಲಿ ಸನ್ಮಾನವಾಯಿತು. ಪತ್ರಿಕೆಗಳು ಅದನ್ನು ಪೂಣಚ್ಚನ ಕೀಲಿ ಎಂದವು. ಒಂದೆರಡರಲ್ಲಿ ಮೇದಪ್ಪನ ಚಿತ್ರವೂ ಇತ್ತು, ತಮ್ಮನ ಹೆಗಲ ಹಿಂದೆ, ಅರ್ಧ.

ಮೇದಪ್ಪನನ್ನು ಕೊರೆದದ್ದು ಸನ್ಮಾನವಲ್ಲ. ಆ ಹಾಡು. ಅದೇ ಜಗಲಿ, ಅದೇ ತಾಯಿ, ಅದೇ ದುಡಿ. ಪೂಣಚ್ಚ ಹುಟ್ಟುವ ಮೊದಲಿಂದಲೂ ಅದನ್ನು ಕೇಳಿದವನು ತಾನು. ದೇವರು ಅದನ್ನು ತನ್ನ ಕಿವಿಯಲ್ಲೂ ಇಟ್ಟಿದ್ದ. ಕಿವಿಯಿಂದ ಕೈಗೆ ಇಳಿಯುವ ದಾರಿಯನ್ನು ಮಾತ್ರ ಪೂಣಚ್ಚನಿಗೆ ತೋರಿಸಿದ. ಏಕೆ? ಇಗ್ಗುತ್ತಪ್ಪನ ಮುಂದೆ ಕೈಮುಗಿದು ನಿಂತಾಗಲೂ ಮೇದಪ್ಪನಿಗೆ ಬರುತ್ತಿದ್ದ ಪ್ರಾರ್ಥನೆ ಅದೊಂದೇ: ಏಕೆ?

ಹಬ್ಬ ಮುಗಿಸಿ ಮೈಸೂರಿಗೆ ಮರಳಿದ ಮೇಲೆ ಅವನು ರಜೆಯ ದಿನ ಒಬ್ಬನೇ ಪ್ರಯೋಗಾಲಯಕ್ಕೆ ಹೋದ. ಗುರಿಯ ಕೋಣೆಯಲ್ಲಿ ತೋಟಾ ಇಲ್ಲದ ಕೋವಿ ಹಿಡಿದು ನಿಂತು ತನ್ನನ್ನು ತಾನೇ ಪರೀಕ್ಷಿಸಿದ. ಸತ್ತುಹೋದ ಅಮ್ಮನನ್ನು ನೆನೆದ: ಹಸಿರು. ತನ್ನ ನಾಯಿಗೆ ವಿಷವಿಟ್ಟ ನೆರೆಯವನನ್ನು ನೆನೆದ: ಒಂದು ಕ್ಷಣ ಕೆಂಪಾಗಿ, ಉಸಿರು ಬಿಟ್ಟಾಗ ಹಸಿರು. ಕುಟ್ಟಪ್ಪನ ಕುಹಕ: ಹಸಿರೇ. ಪೂಣಚ್ಚನನ್ನು ನೆನೆದ.

ಕೆಂಪು.

ಅವನ ಮೇಲೆ ನನಗೆ ಪ್ರೀತಿಯಿದೆ, ಎಂದುಕೊಂಡ. ಸುಳ್ಳಾಗಿರಲಿಲ್ಲ. ಜ್ವರ ಬಂದಾಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ದಿನವನ್ನು ನೆನೆದ. ಮಣಿ ಕೆಂಪಗೇ ಉರಿಯಿತು. ಪ್ರೀತಿ ಇದ್ದಲ್ಲಿ ಕಿಚ್ಚು ಇರುವುದಿಲ್ಲವೆಂದು ಯಾರು ಹೇಳಿದರು? ಒಂದೇ ಒಲೆ, ಅನ್ನವೂ ಅದರಲ್ಲೇ, ಸುಡುವುದೂ ಅದರಲ್ಲೇ.

ಕೋವಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವಾಗ ಪಕ್ಕದ ಪೆಟ್ಟಿಗೆ ಕಣ್ಣಿಗೆ ಬಿತ್ತು. ತಪಾಸಣೆಯ ಉಂಗುರಗಳು. ಕೋವಿ ದುರಸ್ತಿ ಮಾಡುವಾಗ ಬೆರಳಿಗೆ ಹಾಕಿಕೊಂಡರೆ ಕೀಲಿ ಅಂಗೈಯನ್ನು ಓದದೆ ತೆರೆದೇ ಇರುತ್ತದೆ. ಈ ಕೋಣೆ ಬಿಟ್ಟು ಹೊರಗೆ ಹೋಗಕೂಡದು ಎಂಬ ನಿಯಮವನ್ನು ಬರೆದವನು ಮೇದಪ್ಪನೇ. ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಕದಿಯುವಾಗಲೂ ಅವನ ಉಸಿರು ನಾಡಿ ಎರಡೂ ಒಟ್ಟಿಗೇ ಇದ್ದವು. ಅದು ಅವನಿಗೇ ಸೋಜಿಗ.

*

ಹೆಣ್ಣುಮಗು. ಹಿಂದೆ ಗಂಡುಮಗುವಿಗೆ ಮಾತ್ರ ಇದ್ದ ಈಡು, ದೇಚಮ್ಮನಂಥವರು ಜಗಳವಾಡಿ ಜಗಳವಾಡಿ, ಈಗ ಹೆಣ್ಣಿಗೂ ಇತ್ತು. ಹೆರಿಗೆ ಆಸ್ಪತ್ರೆಯಲ್ಲಿ ಆಗುವ ಕಾಲ. ಅದಕ್ಕೇ ಮಗು ಮೊದಲ ಸಲ ಐನ್‌ಮನೆಗೆ ಬರುವ ದಿನ ಈಡು ಹಾರಿಸುವುದು, ಅದು ಕೇಳಿದ ಮೇಲೆಯೇ ಮಗು ಹೊಸ್ತಿಲು ದಾಟುವುದು ಎಂದು ಮನೆಯವರು ಹೊಂದಿಸಿಕೊಂಡಿದ್ದರು.

ಅವತ್ತು ಬಿಸಿಲು ಹೊಳೆಯುತ್ತಿತ್ತು. ಅಂಗಳದ ತುಂಬ ಜನ. ಮೇದಪ್ಪ ಜಗಲಿಯ ಕಂಬದ ಬಳಿ ಜೋಡಿನಳಿಗೆ ಹಿಡಿದು ನಿಂತಿದ್ದ, ತೋಟಾ ತುಂಬಿತ್ತು. ಬೆರಳಿನಲ್ಲಿ ಉಂಗುರವಿತ್ತು. ಮಣಿ ಎಳೆ ಗರಿಕೆಯಂತೆ ಹಸಿರಾಗಿತ್ತು. ದೇಚಮ್ಮ ಮಣಿ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೆ ಮಣಿ ನೋಡಿದಳು. ಅವಳ ಮುಖದಲ್ಲಿ ಬಂದ ಸಂತೋಷವೇ ಅವನಿಗೆ ಮೊದಲ ಏಟು.

ಕಾರು ನಿಂತಿತು. ಬೊಳ್ಳವ್ವ ಒಳಗೇ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಪೂಣಚ್ಚ ಮಾತ್ರ ಮೆಟ್ಟಿಲೇರಿ ಬಂದ, ಹರಳುಕಡ್ಡಿಯ ಬಿಲ್ಲು ತೆಗೆದುಕೊಂಡು ಹೋಗಲು. ಆ ಬಿಲ್ಲನ್ನು ಮಾಡಿದವನೂ ಮೇದಪ್ಪನೇ. ಕಡ್ಡಿ ಬಗ್ಗಿಸಿ ನಾರಿನ ಹೆದೆ ಕಟ್ಟಿದ್ದು ಬಲು ಚೆಂದವಾಗಿತ್ತು. ಕೊಡುವಾಗ ಪೂಣಚ್ಚನ ಕಣ್ಣು ಉಂಗುರದ ಮೇಲೆ ಬಿತ್ತು.

ಅವನು ಬಿಲ್ಲನ್ನು ಕೈಯಲ್ಲಿ ತಿರುಗಿಸುತ್ತಾ, ಬೇರೆಯವರಿಗೆ ಕೇಳಿಸದಂತೆ ಹೇಳಿದ: "ಅಣ್ಣ, ಉಂಗುರ ಬೇಡ."

"ನಿನ್ನ ಮಗಳು ಬಿಸಿಲಲ್ಲಿ ಇರ್ಬೇಕಾ?"

"ನಿನಗೆ ಒಂದು ಹೇಳ್ಬೇಕು. ಮೂಲ ಲಯ ಯಾರ ಕೈಯದು ಗೊತ್ತಾ?"

"ಯಾರದಾದ್ರೆ ನನಗೇನು?"

"ನಿನ್ನದು."

ಮೇದಪ್ಪನ ಕಣ್ಣು ಕೋವಿಯ ಹಿಡಿಯ ಮೇಲಿದ್ದ ತನ್ನ ಕೈಗೆ ಇಳಿಯಿತು.

"ನಾನಿನ್ನೂ ಕಾಲೇಜಲ್ಲಿದ್ದೆ. ನೀನು ಮೊದಲ ಕೀಲಿ ಮಾಡಿ, ಪರೀಕ್ಷೆಗೆ ಅಂತ ಇಲ್ಲಿಗೆ ತಂದಿದ್ದೆ, ಹಬ್ಬಕ್ಕೆ. ನನಗೆ ಕಾಯಿ ಹೊಡೆಯಲಿಕ್ಕೆ ಬರ್ತಿರ್ಲಿಲ್ಲ. ಎಲ್ರೂ ನಗ್ತಿದ್ರು. ನೀನು ಹಿಂದೆ ನಿಂತು, ನನ್ನ ಕೈ ಮೇಲೆ ಕೈ ಇಟ್ಟು, 'ಉಸಿರು ಬಿಡು ಮಗಾ, ಪೂರ್ತಿ ಬಿಡು' ಅಂದೆ. ಕಾಯಿ ಒಡೀತು. ನಿನ್ನ ಅಂಗೈ ನನ್ನ ಕೈಯನ್ನು ದಾಟಿ ಹಿಡಿಯ ತಂತಿಗೆ ತಾಗಿತ್ತು, ಕೀಲಿ ಓದ್ತಾ ಇದ್ದದ್ದು ನಿನ್ನ ಕೈ. ಅಷ್ಟು ತಿಳಿಯಾದ ಓದು ನಮ್ಮ ಹತ್ರ ಇನ್ನೊಂದಿಲ್ಲ ಅಣ್ಣ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಪೂಣಚ್ಚ ಬಿಲ್ಲಿನ ಹೆದೆಯನ್ನು ಮೀಟಿದ. "ಹೇಳಿದ್ರೆ ಎಲ್ಲ ನಿನ್ನದೇ ಆಗ್ತಿತ್ತು. ತಂತಿಯೂ ನಿನ್ನದು, ಕೈಯೂ ನಿನ್ನದು. ನನ್ನದೇನು ಉಳೀತಿತ್ತು? ಗೊತ್ತಾದ ದಿನ ಎಂಥ ಉರಿ ಬಂತು ಅಂದ್ರೆ, ಆಮೇಲೆ ಸುಮಾರು ದಿನ ನನ್ನ ಕೋವಿಯೂ ತೆರೀಲಿಲ್ಲ."

ಇದನ್ನು ಕೇಳಿ ಮೇದಪ್ಪನ ಮನಸ್ಸು ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಇನ್ನೂ ದೊಡ್ಡ ಉರಿ. ತನ್ನ ಹತ್ತಿರವಿದ್ದ ಒಂದೇ ಒಂದು ಶಾಂತಿಯ ಗಳಿಗೆ, ಅದನ್ನೂ ಇವನೇ ಆರಿಸಿಕೊಂಡು ಹೋದ, ಅದಕ್ಕೂ ತನ್ನ ಹೆಸರು ಹಾಕಿಕೊಂಡ. ಇಷ್ಟು ದಿನ ಯಾವ ಕೈಯ ಮುಂದೆ ತಾನು ಸೋಲುತ್ತಿದ್ದನೋ ಅದು ತನ್ನದೇ ಕೈ. ಅದೂ ಇವನ ಕೈಯ ಮೇಲಿದ್ದ ಕೈ.

ಅವನು ಉಂಗುರ ಕಳಚಿದ. ಮಣಿ ಕೂಡಲೇ ಕೆಂಪಾಯಿತು. ಉಸಿರು ಬಿಟ್ಟ, ಪೂರ್ತಿ ಬಿಟ್ಟ. ಕೆಂಪು.

ಬೊಳ್ಳವ್ವ ಮಗುವನ್ನೆತ್ತಿಕೊಂಡು ಕೆಳಗಿನ ಮೆಟ್ಟಿಲಿಗೆ ಬಂದು ನಿಂತಳು. ಅವಳ ಕಣ್ಣಲ್ಲಿ ಒಂದೇ ಪ್ರಶ್ನೆಯಿತ್ತು. ಕಾಳಯ್ಯನ ತಮ್ಮನ ಹೆಂಡತಿಯೂ ಇದೇ ಮೆಟ್ಟಿಲಲ್ಲಿ ಹೀಗೆಯೇ ನಿಂತಿದ್ದಿರಬೇಕು.

ಮೇದಪ್ಪ ಉಂಗುರವನ್ನು ಪೂಣಚ್ಚನ ಅಂಗೈಗೆ ಹಾಕಿ ಎಂದ: "ಲ್ಯಾಬಿಂದು. ವಾಪಸ್ ಇಟ್ಟುಬಿಡು." ಆಮೇಲೆ ಎಲ್ಲರಿಗೂ ಕೇಳುವಂತೆ, ದೇವರ ಮುಂದೆ ನಿಂತವನ ದನಿಯಲ್ಲಿ, "ಈ ಕೋವಿ ನನಗೆ ತೆರೆಯೋದಿಲ್ಲ. ಹಬ್ಬದ ದಿನವೂ ಬ್ಯಾಟರಿ ಹೋಗಿರ್ಲಿಲ್ಲ. ಪೂಣಚ್ಚನ ಮೇಲೆ ನನಗೆ ಹೊಟ್ಟೆಕಿಚ್ಚು."



ಜಗಲಿಯಿಂದ ಮಾಚವ್ವ ತಾಯಿ ಕೆಮ್ಮಿದಳು. "ಅದು ಗೊತ್ತಿಲ್ಲದವ್ರು ಯಾರು? ನನ್ನ ಕುರುಡುಗಣ್ಣಿಗೇ ಕಾಣ್ತದೆ. ಮಗು ಬಿಸಿಲಲ್ಲಿ ನಿಂತಿದೆ, ಏನು ಮಾಡ್ತೀಯೋ ಬೇಗ ಮಾಡು."

ಮೇದಪ್ಪ ಒಳಗೆ ಹೋದ. ಕೋವಿಯ ತೋಟಾ ತೆಗೆದು ಅದನ್ನು ಗೋಡೆಗೆ ಒರಗಿಸಿಟ್ಟ. ಮಣೆ ಹತ್ತಿ ಎಲ್ಲಕ್ಕಿಂತ ಮೇಲಿನ ಮೊಳೆಗೆ ಕೈ ಚಾಚಿದ. ಬತ್ತಿಕೋವಿಯನ್ನು ಇಳಿಸಿಕೊಂಡು ಹೊರಗೆ ಬಂದಾಗ ಹೆಂಗಸರು ಅಯ್ಯೋ ಎಂದರು.

"ಸಿಡಿದ್ರೆ?" ಎಂದಳು ದೇಚಮ್ಮ.

"ಪ್ರತಿ ಹಬ್ಬಕ್ಕೂ ಇದರ ನಳಿಗೆ ಉಜ್ಜಿ ಎಣ್ಣೆ ಬಿಟ್ಟವನು ನಾನು. ಗುಂಡು ಹಾಕೋದಿಲ್ಲ, ಬರೀ ಮದ್ದು, ಅದೂ ಚಿಟಿಕೆ. ನೀವೆಲ್ಲ ಮರದಾಚೆ ಹೋಗಿ. ಮಗುವಿನ ಕಿವಿ ಮುಚ್ಚಿ. ಕುಟ್ಟಪ್ಪ, ನಾರಿನ ಹುರಿ ತಾ, ಬೆಂಕಿ ಹಚ್ಚಿ ತಾ."

ಹಿಂದೆ ಅಂಗಡಿಗಳಲ್ಲಿ ಬೀಡಿ ಹಚ್ಚಲು ತೂಗುಬಿಡುತ್ತಿದ್ದಂಥ ತೆಂಗಿನ ನಾರಿನ ಹುರಿಯನ್ನು ಕುಟ್ಟಪ್ಪ ಒಲೆಗೆ ಹಿಡಿದು ತಂದ. ಮೇದಪ್ಪ ದೇವಸ್ಥಾನದ ಹಬ್ಬಕ್ಕೆಂದು ಮನೆಯಲ್ಲಿಟ್ಟಿದ್ದ ಸಿಡಿಮದ್ದಿನ ಡಬ್ಬಿಯಿಂದ ಚಿಟಿಕೆ ಮದ್ದನ್ನು ನಳಿಗೆಗೆ ಸುರಿದ, ಬಟ್ಟೆಯ ಚೂರು ತುರುಕಿ ಸಲಾಕೆಯಿಂದ ಜಡಿದ, ನಳಿಗೆಯ ಪಕ್ಕದ ತೂತಿನ ಬಳಿಯ ಪುಟ್ಟ ಬಟ್ಟಲಿಗೆ ಇನ್ನಷ್ಟು ಉದುರಿಸಿದ. ಅವಸರ ಮಾಡಲು ಬಾರದ ಕೆಲಸ. ಅಷ್ಟು ಹೊತ್ತೂ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹುರಿಯ ತುದಿಯನ್ನು ಊದಿದ. ಬೂದಿ ಹಾರಿ ಕೆಂಡ ಕೆಂಪಾಯಿತು. ಹಟ್ಟಿಯ ಹುಡುಗರಿಗೂ ಅಂಗಳದ ನಾಯಿಗೂ ಆ ಕೆಂಪು ಚುಕ್ಕಿ ಚೆನ್ನಾಗಿ ಕಾಣುತ್ತಿತ್ತು. ಮತ್ತೆ ಊದಿದ. ಊದಬೇಕೆಂದರೆ ಎದೆಯಲ್ಲಿದ್ದುದನ್ನೆಲ್ಲ ಹೊರಗೆ ಬಿಡಬೇಕು.

ಪೂಣಚ್ಚ ಮರದಾಚೆ ಹೋಗಿರಲಿಲ್ಲ. ಅಣ್ಣನ ಪಕ್ಕದಲ್ಲೇ ನಿಂತಿದ್ದ.

"ಹೋಗೋ ಆಚೆ. ಸಿಡಿದ್ರೆ?"

"ಸಿಡಿದ್ರೆ ಇಬ್ರಿಗೂ ಸಿಡೀಲಿ. ನೀನು ಹಚ್ಚು."

ಮೇದಪ್ಪ ಒಕ್ಕದ ಮೂಲಪುರುಷ ಗುರುಕಾರಣನನ್ನು ನೆನೆದು ನಳಿಗೆಯನ್ನು ಆಕಾಶಕ್ಕೆ ಎತ್ತಿ ಹುರಿಯನ್ನು ಬಟ್ಟಲಿಗೆ ತಾಗಿಸಿದ. ಬುಸ್ಸೆಂದು ಹೊಗೆ ಎದ್ದಿತು, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಧಡ್ ಎಂದು ಗದ್ದೆಯೆಲ್ಲ ಅದುರಿತು. ಎದುರು ಗುಡ್ಡ ಅದನ್ನು ಮತ್ತೊಮ್ಮೆ ಹೇಳಿತು. ಕೊಕ್ಕರೆಗಳು ಎದ್ದು ಹಾರಿದವು. ಹೊಳೆಯಾಚೆಯ ಮನೆಗಳಿಂದ ಯಾರೋ ಕೂಗಿ ಕೇಳಿದರು, "ಒಂದಾ ಎರಡಾ?"

"ಒಂದೇ!" ಎಂದು ಕುಟ್ಟಪ್ಪ ಕಿರುಚಿದ. "ಇನ್ನೊಂದಕ್ಕೆ ಇವ್ರಿಗೆ ಸಂಜೆಯಾಗ್ತದೆ!"

ಅಂಗಳ ನಕ್ಕಿತು. ಮಗು ಕಿರುಚಿ ಅಳುತ್ತಾ, ಮುಷ್ಟಿಯಲ್ಲಿ ಬಿಲ್ಲಿನೊಂದಿಗೆ, ಹೊಸ್ತಿಲು ದಾಟಿತು. ಒಳಗೆ ತೂಗುದೀಪದ ಕೆಳಗೆ ಮಾಚವ್ವ ತಾಯಿ ಅದರ ಅಂಗಾಲು ಮುಟ್ಟಿ ನೋಡಿ, ಮದ್ದಿನ ವಾಸನೆ ಹೀರಿ, ಇದು ನನ್ನ ಅಜ್ಜನ ಕಾಲದ ವಾಸನೆ ಎಂದಳು.

ಬತ್ತಿಕೋವಿಯನ್ನು ಒರೆಸಿ ಮೇಲಿನ ಮೊಳೆಗೆ ಹಾಕಿದ ಮೇಲೆ ಮೇದಪ್ಪ ಗೋಡೆಗೆ ಒರಗಿಸಿಟ್ಟಿದ್ದ ಜೋಡಿನಳಿಗೆಯನ್ನು ಎತ್ತಿಕೊಂಡ. ಮುಖವೆಲ್ಲ ಮಸಿ. ಹುಬ್ಬಿನ ಒಂದಿಷ್ಟು ಕೂದಲು ಸುಟ್ಟಿತ್ತು. ಪಕ್ಕದಲ್ಲಿ ಪೂಣಚ್ಚ ಉಸಿರು ಬಿಗಿಹಿಡಿದು ಹಿಡಿಯ ಮೇಲಿನ ಮಣಿಯನ್ನೇ ನೋಡುತ್ತಿದ್ದ.

ಮಣಿ ಕೆಂಪಾಗಿಯೇ ಇತ್ತು.

ಮೇದಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ. ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಲಿಲ್ಲ, ಕೈಯನ್ನು ಅಂಗಿಗೆ ಒರೆಸಿಕೊಳ್ಳಲಿಲ್ಲ. ಆಮೇಲೆ ಮಣಿಯ ಬೆಳಕನ್ನು ತಮ್ಮನ ಕಡೆ ತಿರುಗಿಸಿ ತೋರಿಸಿದ.

"ನೋಡ್ದಾ," ಎಂದ, "ನಮ್ಮ ಕೀಲಿ ಸುಳ್ಳು ಹೇಳೋದಿಲ್ಲ."